ಕ್ಲಿಕ್ ತಿರುಗಿಸುವ ಮುಂಚೆ: ಕಲಬುರಗಿಯ ಒಂದು ಏರ್ ಪಿಸ್ತೂಲಿನ ಪ್ರಕರಣ

ಈ ಪ್ರಕರಣ ನನ್ನ ಕಣ್ಣೆದುರೇ ನಡೆದದ್ದು. ಶೂಟಿಂಗ್ ಕಲಿಸುವವನು ನಾನೇ, ತಪ್ಪಿನಲ್ಲಿ ದೊಡ್ಡ ಪಾಲೂ ನನ್ನದೇ. ಹುಡುಗಿಯ ಹೆಸರು, ಕಾಲೇಜು, ಪಿಸ್ತೂಲಿನ ಕಂಪನಿ, ಸ್ಪರ್ಧೆ ನಡೆದ ಊರು ಎಲ್ಲವನ್ನೂ ಬಿಟ್ಟಿದ್ದೇನೆ. ನಮ್ಮ ಶೂಟಿಂಗ್ ರೇಂಜಿನಲ್ಲಿ ಎಲ್ಲರೂ ಅವಳನ್ನು ತಂಗಿ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ. ಅವಳು ಓದಿ, ಎರಡು ಕಡೆ ತಿದ್ದಿ, ಒಪ್ಪಿದ ಮೇಲೇ ಇದನ್ನು ಬರೆದು ಮುಗಿಸಿದ್ದೇನೆ.

ಹಿನ್ನೆಲೆ

ನಮ್ಮದು ನಾಲ್ಕು ಲೇನಿನ ಚಿಕ್ಕ ರೇಂಜು. ಮೊದಲು ತೊಗರಿ ತುಂಬಿಡುತ್ತಿದ್ದ ಗೋಡೌನು. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು. ಕಲಬುರಗಿಯ ಏಪ್ರಿಲ್ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಅಷ್ಟೇ ಅಭ್ಯಾಸ. ಆಮೇಲೆ ಪಿಸ್ತೂಲು ಹಿಡಿದರೆ ಬೆವರಿಗೆ ಗ್ರಿಪ್ಪೇ ಜಾರುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಇಲ್ಲ. ಕಾಗದದ ಕಾರ್ಡು, ಹಗ್ಗ, ರಾಟೆ. ಹೊಡೆದು ಹಗ್ಗ ಎಳೆದು ನೋಡಬೇಕು. ಇದು ನಮ್ಮ ಬಡತನ ಅಂದುಕೊಂಡಿದ್ದೆ. ಕೊನೆಗೆ ಆ ಕಾರ್ಡುಗಳೇ ಕೈ ಹಿಡಿದವು, ಅದು ಮುಂದೆ ಬರುತ್ತದೆ.

ತಂಗಿ ಡಿಗ್ರಿ ಎರಡನೇ ವರ್ಷ. 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಾಳೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪೆಲೆಟ್ 4.5 ಮಿ.ಮೀ., ಹತ್ತರ ವೃತ್ತದ ಅಡ್ಡಳತೆ 11.5 ಮಿ.ಮೀ. ಅಂದರೆ ಶರ್ಟಿನ ಗುಂಡಿಯಷ್ಟು. ಅಲ್ಲಿಂದ ಆಚೆ ಪ್ರತಿ 8 ಮಿ.ಮೀ.ಗೆ ಒಂದು ಪಾಯಿಂಟ್ ಕಡಿಮೆ. ಒಂದು ಸ್ಪರ್ಧೆಗೆ 60 ಹೊಡೆತ, ಒಟ್ಟು 600. ಅವಳ ಸ್ಕೋರು ಆಗ 555ರಿಂದ 560ರ ನಡುವೆ ಆಡುತ್ತಿತ್ತು. ಎರಡು ವರ್ಷದಿಂದಷ್ಟೇ ಹೊಡೆಯುತ್ತಿರುವ ಹುಡುಗಿಗೆ ಅದು ಕಡಿಮೆ ಅಲ್ಲ.

ಏನಾಯಿತು

ಸ್ಪರ್ಧೆಗೆ ಮೂರು ವಾರ ಇತ್ತು. ಬೇರೆ ಊರಲ್ಲಿ ಎರಡು ದಿನದ ಕ್ಯಾಂಪ್ ಮುಗಿಸಿ ಬಂದಿದ್ದಳು. ಸೋಮವಾರ 538 ಬಂತು. ಮಂಗಳವಾರ 531. ಒಂದು ಹೊಡೆತ ಹತ್ತಕ್ಕೆ, ಅದರ ಹಿಂದಿನದು ಎಡಕ್ಕೆ ಏಳಕ್ಕೆ, ಮತ್ತೊಂದು ಬಲಕ್ಕೆ ಎಂಟಕ್ಕೆ. ಹೊಡೆದ ತಕ್ಷಣ ಅವಳು "ಇದು ಹತ್ತು" ಅನ್ನುತ್ತಿದ್ದಳು. ಹಗ್ಗ ಎಳೆದರೆ ಎಂಟು. ಶೂಟರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ.

"ಸರ, ಪಿಸ್ತೂಲಿಗಿ ಏನೋ ಆಗ್ಯಾದ್ರಿ," ಅಂದಳು.

"ಪಿಸ್ತೂಲಿಗಿ ಏನಾಗ್ತದವ್ವ? ನಿನ್ನ ಕೈ ನೋಡ್ಕೊ," ಅಂದೆ.

ಈ ಒಂದು ಮಾತಿಗೆ ನಾವು ಹನ್ನೊಂದು ದಿನ ಕೊಟ್ಟೆವು.

ಮೊದಲ ಮದ್ದು: ಕ್ಲಿಕ್ಕು

ನಾನು ಕೇಳಲಿಲ್ಲ ಅಂತ ಅವಳೇ ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರಿಗಿಂಡಿ, ತಿರುಗಿಸಲು ಶುರು ಮಾಡಿದಳು. ಸೈಟಿನ ತಿರುಪು 'ಟಕ್' ಅಂತ ಸರಿಯುವ ಒಂದೊಂದು ಹೆಜ್ಜೆಗೆ ಕ್ಲಿಕ್ ಅನ್ನುತ್ತೇವೆ. ಒಂದು ಎಡಕ್ಕೆ ಹೋಯಿತು, ಬಲಕ್ಕೆ ಎರಡು ಕ್ಲಿಕ್. ಮುಂದಿನದು ಬಲಕ್ಕೆ ಹೋಯಿತು, ಎಡಕ್ಕೆ ಮೂರು. ಇದಕ್ಕೆ ನಾವು ಹೊಡೆತದ ಬೆನ್ನು ಹತ್ತುವುದು ಅನ್ನುತ್ತೇವೆ. ಹೊಸಬರೆಲ್ಲ ಮಾಡುತ್ತಾರೆ. ಹಳಬರೂ ಗಾಬರಿಯಾದಾಗ ಮಾಡುತ್ತಾರೆ.

ಇದರ ಮೇಲೆ ಇನ್ನೊಂದು ತೊಡಕು. ಹಿಂದಿನ ಸೈಟಿನ ನಿಯಮ ಸರಳ. ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. ಮುಂದಿನ ಸೈಟಾದರೆ ಉಲ್ಟಾ. ಆದರೆ ಕೆಲವು ಜರ್ಮನ್ ಪಿಸ್ತೂಲುಗಳ ತಿರುಪಿನ ಮೇಲೆ ಕೊರೆದ ಅಕ್ಷರದ ಅರ್ಥ ಬೇರೆ. ಅಲ್ಲಿ ಆರ್ ಅಂದರೆ 'ಬಲಕ್ಕೆ ಸರಿಸು' ಅಂತಲ್ಲ, 'ಹೊಡೆತ ಬಲಕ್ಕೆ ಹೋಗಿದ್ದರೆ ಈ ಕಡೆ ತಿರುಗಿಸು' ಅಂತ. ಎತ್ತರಕ್ಕೆ ಎಚ್, ತಗ್ಗಿಗೆ ಟಿ, ಅವೂ ಹಾಗೇ. ತಂಗಿಗೆ ಇದು ಗೊತ್ತಿತ್ತು. ಆದರೂ ಗಾಬರಿಯಲ್ಲಿ ಎರಡು ಸಲ ಉಲ್ಟಾ ತಿರುಗಿಸಿದಳಂತೆ. ಬುಧವಾರದ ಹೊತ್ತಿಗೆ ಒಟ್ಟು ಎಷ್ಟು ಕ್ಲಿಕ್ ಎತ್ತ ಹೋಗಿವೆ ಅನ್ನುವ ಲೆಕ್ಕವೇ ತಪ್ಪಿತ್ತು.

ಒಂದೇ ಹೊಡೆತ ನೋಡಿ ಸೈಟ್ ಮುಟ್ಟಬಾರದು. ಕನಿಷ್ಠ ಐದು ಹೊಡೆದು, ಗ್ರೂಪಿನ, ಅಂದರೆ ಆ ತೂತುಗಳ ಗುಂಪಿನ, ನಡುಮಧ್ಯ ಎಲ್ಲಿದೆ ನೋಡಬೇಕು. ಗ್ರೂಪು ಮೊದಲಿನಷ್ಟೇ ಬಿಗಿಯಾಗಿದ್ದು ಬೇರೆ ಜಾಗಕ್ಕೆ ಸರಿದಿದ್ದರೆ ಮಾತ್ರ ಅದು ಕ್ಲಿಕ್ಕಿನ ಕೆಲಸ. ಗ್ರೂಪೇ ಹರಡಿದ್ದರೆ ಕ್ಲಿಕ್ಕಿನಿಂದ ಆಗುವುದು ಇಷ್ಟೇ: ಹರಡಿದ ಗ್ರೂಪು ಹರಡಿಕೊಂಡೇ ಪಕ್ಕಕ್ಕೆ ಹೋಗುತ್ತದೆ. ಅವಳದು ಹರಡಿತ್ತು. ಇದು ನನಗೆ ಮೊದಲ ದಿನವೇ ಕಾಣಬೇಕಿತ್ತು.

ಎರಡನೇ ಮದ್ದು: ನನ್ನದು

ಬಲಗೈಯವರ ಹೊಡೆತ ಕೆಳಗೆ ಎಡಕ್ಕೆ ಹೋದರೆ ಟ್ರಿಗರ್ ಕಿತ್ತರು ಅಂತ ಅರ್ಥ. ಪಿಸ್ತೂಲು ಕಲಿಸುವವರ ಬಾಯಲ್ಲಿ ಇದು ಮಗ್ಗಿಯ ಹಾಗೆ ಇರುತ್ತದೆ. ಏರ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 500 ಗ್ರಾಂ ಭಾರ ಇರಬೇಕು ಅಂತ ನಿಯಮ. ಅದನ್ನು ನಿಧಾನಕ್ಕೆ ಏರಿಸದೆ ಗಬಕ್ಕನೆ ಎಳೆದರೆ ಪಿಸ್ತೂಲಿನ ಬಾಯಿ ಅಲ್ಲಾಡುತ್ತದೆ. ಅವಳ ಕೆಲವು ಹೊಡೆತ ಎಡಕ್ಕೆ ಹೋಗಿದ್ದವು. ನನಗೆ ಅಷ್ಟು ಸಾಕಾಯಿತು.

ಬಲಕ್ಕೆ ಹೋದವು? ಅವು "ಎಡಕ್ಕೆ ಹೋಗಬಾರದು ಅಂತ ಅವಳು ತಳ್ಳಿದ್ದು" ಅಂದುಕೊಂಡೆ. ಅಂದರೆ ಎಡಕ್ಕೆ ಹೋದರೂ ಅವಳ ತಪ್ಪು, ಬಲಕ್ಕೆ ಹೋದರೂ ಅವಳ ತಪ್ಪು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಮಾತ್ರ ಬಹಳ ಸರಿ ಅನ್ನಿಸಿತ್ತು.

ಒಂದು ವಾರ ಡ್ರೈ ಫೈರ್ ಹಾಕಿಸಿದೆ. ಪೆಲೆಟ್ ಇಲ್ಲ, ಬಿಳಿ ಗೋಡೆ, ದಿನಾ ಇನ್ನೂರು ಸಲ, ಟ್ರಿಗರ್ ನಿಧಾನ, ಇನ್ನೂ ನಿಧಾನ. ಅವಳು ಬಾಯಿ ಮುಚ್ಚಿಕೊಂಡು ಮಾಡಿದಳು. ಮನೆಯಲ್ಲೂ ಮಾಡಿದಳಂತೆ. ಅವರವ್ವ ಫೋನ್ ಮಾಡಿ "ಗ್ವಾಡಿಗಿ ಪಿಸ್ತೂಲ ಹಿಡ್ಕೊಂಡು ನಿಂತಾಳ್ರಿ, ಊಟಕ್ಕೂ ಬರವಲ್ಲಳು" ಅಂದರು. ವಾರದ ಕೊನೆಗೆ ಪೆಲೆಟ್ ಹಾಕಿ ಹೊಡೆದರೆ 534.

ದಾರಿ ತಪ್ಪಿಸಿದ ಪರೀಕ್ಷೆ

ಆಗ ಒಂದು ಒಳ್ಳೆಯ ಕೆಲಸ ಮಾಡಲು ಹೋದೆ. ಪಿಸ್ತೂಲಿನ ದೋಷವೋ ಕೈಯ ದೋಷವೋ ತಿಳಿಯಬೇಕಾದರೆ ಕೈ ಬದಲಿಸಿ ನೋಡಬೇಕು. ಅವಳ ಪಿಸ್ತೂಲನ್ನು ಸೀನಿಯರ್ ಹುಡುಗನೊಬ್ಬನಿಗೆ ಕೊಟ್ಟೆ. ಹತ್ತು ಹೊಡೆತ. ಗ್ರೂಪು ಕೊಂಚ ಬಲಕ್ಕೆ ಬಿತ್ತು, ಆದರೆ ಗಟ್ಟಿಯಾಗಿ ಒಂದೇ ಕಡೆ. ಬಲಕ್ಕೆ ಬಿದ್ದದ್ದು ಅವನ ಹಿಡಿತಕ್ಕೆ ಆ ಗ್ರಿಪ್ ಹೊಂದದ ಕಾರಣ ಅಂತ ಬಿಟ್ಟೆ.

"ನೋಡಿದ್ಯಾ? ಪಿಸ್ತೂಲ ಛಲೋ ಅದ," ಅಂದೆ. ತಂಗಿ ಏನೂ ಅನ್ನಲಿಲ್ಲ. ಪಿಸ್ತೂಲು ಪೆಟ್ಟಿಗೆಗೆ ಹಾಕಿ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕುಳಿತಳು.

ಪರೀಕ್ಷೆ ಸರಿಯಾದದ್ದೇ. ನಾನು ಅದನ್ನು ಓದಿದ್ದು ತಪ್ಪು. ಶೂಟರ್ ಬದಲಾದಾಗ ಕೈಯೊಂದೇ ಬದಲಾಗುವುದಿಲ್ಲ, ಅವನ ಜೊತೆಗೆ ಹತ್ತು ಬೇರೆ ಅಭ್ಯಾಸಗಳೂ ಬರುತ್ತವೆ. ಅದು ಹೊಳೆದದ್ದು ಎರಡು ದಿನದ ಮೇಲೆ.

ನೆಲದ ಮೇಲೆ ಹರಡಿದ ಕಾರ್ಡುಗಳು

ತಂಗಿಗೆ ಒಂದು ಒಳ್ಳೆ ಗುಣ ಇದೆ. ಹೊಡೆದ ಕಾರ್ಡುಗಳನ್ನು ಎಸೆಯುವುದಿಲ್ಲ, ದಿನಾಂಕ ಬರೆದು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾಳೆ. ಆ ದಿನ ಕರೆಂಟ್ ಹೋಗಿತ್ತು. ಹೊಡೆಯಲು ಬೆಳಕಿಲ್ಲ. ಸುಮ್ನೆ ಕೂತಿರುವ ಬದಲು ಅವಳ ಕಾರ್ಡುಗಳನ್ನು ಬಾಗಿಲ ಬೆಳಕಲ್ಲಿ ನೆಲದ ಮೇಲೆ ಹರಡಿದೆ. ಕ್ಯಾಂಪಿಗೆ ಮುಂಚಿನವು ಒಂದು ಸಾಲು, ಆಮೇಲಿನವು ಇನ್ನೊಂದು ಸಾಲು.

ಮೊದಲ ಸಾಲಿನಲ್ಲಿ ತೂತುಗಳು ದುಂಡಗೆ ಗುಂಪಾಗಿದ್ದವು. ಎರಡನೇ ಸಾಲಿನಲ್ಲಿ ಅಡ್ಡಡ್ಡ ಹಾಸಿದ್ದವು, ಜೋಳದ ರೊಟ್ಟಿ ಲಟ್ಟಿಸುವಾಗ ಒಂದೇ ಕಡೆ ಎಳೆದ ಹಾಗೆ. ಸ್ಕೇಲ್ ಇಟ್ಟು ಅಳೆದೆ. ಮೇಲೆ-ಕೆಳಗಿನ ಹರಡುವಿಕೆ ಎರಡೂ ಸಾಲಿನಲ್ಲಿ ಒಂದೇ. ಬೆಳೆದದ್ದು ಎಡ-ಬಲ ಮಾತ್ರ.

ಇಲ್ಲಿ ನನ್ನ ತಲೆ ತಿರುಗಿತು. ಟ್ರಿಗರ್ ಕಿತ್ತರೆ ಹೊಡೆತ ಓರೆಯಾಗಿ ಕೆಳಗೂ ಇಳಿಯಬೇಕು. ಇಳಿದಿಲ್ಲ. ಸಿಲಿಂಡರಿನ ಗಾಳಿ ಅಥವಾ ಅದರ ಒತ್ತಡ ಒಂದೇ ಸಮ ಇಡುವ ರೆಗ್ಯುಲೇಟರ್ ಕೈಕೊಟ್ಟಿದ್ದರೆ ಪೆಲೆಟ್ಟಿನ ವೇಗ ಏರಿಳಿದು ತೂತುಗಳು ಉದ್ದಕ್ಕೆ, ಮೇಲೆ-ಕೆಳಗೆ ಸಾಲುಗಟ್ಟಬೇಕು. ಇಲ್ಲ. ಉಸಿರಿನ ತೊಂದರೆ, ಕಣ್ಣು ಮುಂದಿನ ಸೈಟ್ ಬಿಟ್ಟು ಟಾರ್ಗೆಟ್ ನೋಡುವುದು, ಇವುಗಳಿಂದಲೂ ಎತ್ತರದಲ್ಲಿ ಏನಾದರೂ ಗೊತ್ತಾಗಬೇಕಿತ್ತು. ಪೆಲೆಟ್ ಡಬ್ಬಿ ಕೆಟ್ಟಿದ್ದರೆ, ಬ್ಯಾರಲಿನಲ್ಲಿ ಸೀಸ ಕಟ್ಟಿದ್ದರೆ ಎಲ್ಲ ದಿಕ್ಕಿಗೂ ಹರಡಬೇಕು. ಬರೀ ಅಡ್ಡಕ್ಕೆ ಹರಡಿದರೆ ಹುಡುಕುವ ಜಾಗ ಕಡಿಮೆ: ನಿಲುವು, ಗ್ರಿಪ್ಪಿನ ಪಕ್ಕದ ಒತ್ತಡ, ಇಲ್ಲವೇ ಹಿಂದಿನ ಸೈಟಿನ ಅಡ್ಡ ಚಲನೆ.

ಹನ್ನೊಂದು ದಿನದಲ್ಲಿ ಮೊದಲ ಸಲ ಅವಳನ್ನು ಸರಿಯಾದ ಪ್ರಶ್ನೆ ಕೇಳಿದೆ. "ನಿನಗೇನಾಗ್ಯಾದ" ಅಂತ ಅಲ್ಲ. "ಕ್ಯಾಂಪಿನಾಗ ಏನರ ಬದಲಿ ಮಾಡಿದ್ಯೇನವ್ವ?" ಅಂತ.

"ಹಿಂದಿನ ಬ್ಲೇಡ್ ಬದಲಿ ಮಾಡೀನ್ರಿ. ಅಲ್ಲಿ ಒಬ್ಬ ಅಕ್ಕ ಹೇಳಿದ್ರು, ಬಿಸಿಲಿನಾಗ ಅಗಲ ಇದ್ದದ್ದು ಛಲೋ ಕಾಣ್ತದ ಅಂತ. ಅವರೇ ಹಾಕಿಕೊಟ್ರು. ಯಾಕ್ರಿ?"

"ಮೊದಲೇ ಯಾಕ ಹೇಳಲಿಲ್ಲ?"

"ನೀವು ಕೇಳೇ ಇಲ್ಲಲ್ರಿ."

ತೊಗರಿ ಚೀಲದ ಮೇಲೆ

ಆದರೂ ಒಂದು ಗಂಟು ಬಿಡಿಸಬೇಕಿತ್ತು. ಬ್ಲೇಡು ಅಂದರೆ ಹಿಂದಿನ ಸೈಟಿನಲ್ಲಿ ಕೂರುವ, ನಡುವೆ ಸೀಳಿರುವ ತಗಡು. ಹೊಸದಾಗಿ ಹಾಕಿದ ಅದು ಸಡಿಲವಾಗಿದ್ದರೆ ಆ ಸೀನಿಯರ್ ಹುಡುಗನ ಗ್ರೂಪು ಹೇಗೆ ಬಿಗಿಯಾಗಿ ಬಂತು? ಉತ್ತರ ಊಹೆಯಲ್ಲಿ ಸಿಗಬಾರದು, ಕಾರ್ಡಿನ ಮೇಲೆ ಸಿಗಬೇಕು ಅನ್ನಿಸಿತು. ಊಹೆಯಿಂದ ಒಂದು ವಾರ ಹಾಳು ಮಾಡಿದ್ದೆನಲ್ಲ. ಆದ್ದರಿಂದ ತಿರುಪು ಮುಟ್ಟಲಿಲ್ಲ.

ಮರುದಿನ ಒಂದು ಬಟ್ಟೆ ಚೀಲದಲ್ಲಿ ಎರಡು ಕಿಲೋ ತೊಗರಿ ತುಂಬಿ ಬಾಯಿ ಕಟ್ಟಿದೆವು. ಮರಳಿನ ಚೀಲ ಅಂತ ಪುಸ್ತಕದಲ್ಲಿರುತ್ತದೆ, ನಮ್ಮ ಗೋಡೌನಿನಲ್ಲಿ ಸಿಕ್ಕಿದ್ದು ತೊಗರಿ. ಅದು ಇನ್ನೂ ಚೆನ್ನಾಗಿ ಕೂರುತ್ತದೆ. ಮೇಜಿನ ಮೇಲೆ ಚೀಲ, ಅದರ ಮೇಲೆ ಪಿಸ್ತೂಲು. ತಂಗಿ ಕುಳಿತು ಎರಡು ಕೈಯಲ್ಲಿ ಹಿಡಿದು ಹೊಡೆಯಬೇಕು. ಕೈ ನಡುಗುವ ಲೆಕ್ಕವೇ ಇಲ್ಲಿ ಇಲ್ಲ.

ಅವಳೇ ಪೆಲೆಟ್ ಹಾಕಿ ಐದು ಹೊಡೆದಳು. ಎಡತುದಿಯ ತೂತಿನಿಂದ ಬಲತುದಿಯ ತೂತಿಗೆ, ನಡುವಿನಿಂದ ನಡುವಿಗೆ, 17 ಮಿ.ಮೀ. ಚೀಲದ ಮೇಲಿಂದ ಇಷ್ಟು ಬರಬಾರದು.

ಪೆಲೆಟ್ ಡಬ್ಬಿ ಬದಲಿಸಿದೆವು. 16. ಅದೇ ಕಥೆ.

ಆಮೇಲೆ ನಾನು ಪೆಲೆಟ್ ಹಾಕಿಕೊಟ್ಟೆ, ಅವಳು ಬರೀ ಗುರಿ ಹಿಡಿದು ಹೊಡೆದಳು. ಐದೂ 7 ಮಿ.ಮೀ. ಒಳಗೆ.

ಇಬ್ಬರೂ ಕಾರ್ಡು ನೋಡಿದೆವು. ಮತ್ತೆ ಅವಳೇ ಹಾಕಿದಳು: 18. ಮತ್ತೆ ನಾನು: 6. ಕೈ ಅದೇ, ಕಣ್ಣು ಅದೇ, ಪೆಲೆಟ್ ಅದೇ. ಬದಲಾದದ್ದು ಪೆಲೆಟ್ ಹಾಕುವ ಕೈ ಒಂದೇ.

"ಈಗ ನಿಧಾನಕ್ಕ ಹಾಕು, ನೋಡ್ತೀನಿ," ಅಂದೆ. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಎಡಗೈಯಿಂದ ಮೇಲಿಂದ ಅಮುಕಿ ಹಿಡಿದು, ಬಲಗೈಯಿಂದ ಪೆಲೆಟ್ ಹಾಕಲು ತೆರೆಯುವ ಲಿವರ್ ಎತ್ತಿದಳು. ಎಡಗೈಯ ಹೆಬ್ಬೆರಳು ನೇರವಾಗಿ ಹಿಂದಿನ ಸೈಟಿನ ಪಕ್ಕಕ್ಕೆ ಒತ್ತಿಕೊಂಡಿತ್ತು. ಎರಡು ವರ್ಷದಿಂದ ಹೀಗೇ ಹಾಕುತ್ತಿದ್ದಾಳೆ. ಬ್ಲೇಡ್ ಬಿಗಿಯಾಗಿ ಇರುವವರೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಆ ಸೀನಿಯರ್ ಹುಡುಗ ಗ್ರಿಪ್ಪಿನಿಂದ ಬಲಗೈ ತೆಗೆಯುವುದೇ ಇಲ್ಲ, ಎಡಗೈಯ ಎರಡು ಬೆರಳಲ್ಲಿ ಲಿವರ್ ಎತ್ತಿ ಪೆಲೆಟ್ ಹಾಕುತ್ತಾನೆ. ಸೈಟಿಗೆ ಅವನ ಬೆರಳು ಸೋಕುವುದಿಲ್ಲ. ಸಡಿಲ ಬ್ಲೇಡು ಬಲಕ್ಕೆ ಸರಿದಿದ್ದ ಜಾಗದಲ್ಲೇ ಕೂತಿತ್ತು, ಅವನ ಹತ್ತೂ ಹೊಡೆತ ಬಲಕ್ಕೆ ಒಂದೇ ಕಡೆ ಬಿದ್ದವು. ಅವನ ಹಿಡಿತ ಅಂತ ನಾನು ಬಿಟ್ಟ ಸುಳಿವು ಅದೇ.

ಒಳಗೆ ಪೆಲೆಟ್ ಇಲ್ಲ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿ, ಪಿಸ್ತೂಲಿನ ಬಾಯಿ ಟಾರ್ಗೆಟ್ ಕಡೆ ತಿರುಗಿಸಿ, ಬ್ಲೇಡಿಗೆ ಉಗುರು ತಾಗಿಸಿದೆ. ಅಲ್ಲಾಡಿತು. ಕಣ್ಣಿಗೆ ಕಾಣುವುದು ಕಷ್ಟ, ಉಗುರಿಗೆ ಗೊತ್ತಾಗುತ್ತದೆ. ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ.

ಅಷ್ಟಕ್ಕೆ ಇಷ್ಟಾ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ. ಆ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 34 ಸೆಂ.ಮೀ. ಟಾರ್ಗೆಟ್ ಇರುವುದು 10 ಮೀಟರ್ ಆಚೆ. ಅಂದರೆ ಸೈಟಿನಲ್ಲಿ ಆದದ್ದು ಕಾರ್ಡಿನ ಮೇಲೆ ಹತ್ತಿರಹತ್ತಿರ ಮೂವತ್ತು ಪಟ್ಟು. 0.1 ಮಿ.ಮೀ. ಸರಿದರೆ ಅಲ್ಲಿ ಸುಮಾರು 3 ಮಿ.ಮೀ. ಅರ್ಧ ಮಿಲಿಮೀಟರ್ ಅಂದರೆ 15 ಮಿ.ಮೀ., ಸುಮಾರು ಎರಡು ಪಾಯಿಂಟಿನ ಜಾಗ. ಹತ್ತಕ್ಕೆ ಹೋಗಬೇಕಾದದ್ದು ಎಂಟಕ್ಕೆ ಹೋದರೆ ಆಶ್ಚರ್ಯ ಏನು? ಅವಳು "ಇದು ಹತ್ತು" ಅಂದಾಗೆಲ್ಲ ಅವಳ ಕಣ್ಣಿಗೆ ಕಂಡದ್ದು ಹತ್ತೇ.

ಒಂದು ಕಥೆ ಹೊಸಬರಿಗೆಲ್ಲ ನಾನು ಹೇಳುತ್ತಿರುತ್ತೇನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಫೈನಲ್ಲಿಗೆ ಮುಂಚೆ ಸೈಟರ್, ಅಂದರೆ ಲೆಕ್ಕಕ್ಕಿಲ್ಲದ ಪರೀಕ್ಷೆಯ ಹೊಡೆತ, ಹೊಡೆದಾಗ ಅದು ಹತ್ತರ ಹತ್ತಿರಕ್ಕೂ ಹೋಗಲಿಲ್ಲ. ಅವರು ಸೈಟ್ ಸರಿಮಾಡಿಕೊಂಡು ಏರ್ ರೈಫಲ್ ಚಿನ್ನ ಗೆದ್ದರು. ಮನಸ್ಸು ಗಟ್ಟಿ ಇರಬೇಕು ಅಂತ ಹೇಳಲು ಈ ಕಥೆ ಬಳಸುತ್ತಿದ್ದೆ. ಅವರು ತಮ್ಮ ಕೈಯನ್ನು ಬೈದುಕೊಳ್ಳದೆ ಸೈಟಿನ ತಿರುಪಿಗೆ ಕೈ ಹಾಕಿದರು ಅನ್ನುವ ಅರ್ಧ ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ.

ಮತ್ತೆ ಮೊದಲಿನಿಂದ ಜೀರೋ

ಬ್ಲೇಡಿನ ಎರಡು ಪುಟ್ಟ ತಿರುಪು ಬಿಗಿ ಮಾಡುವುದು ಒಂದು ನಿಮಿಷದ ಕೆಲಸ. ಜಾಸ್ತಿ ಬಿಗಿದರೆ ಎಳೆ ತಿಂದುಹೋಗುತ್ತದೆ, ಹಾಗಾಗಿ ಅಲೆನ್ ಕೀಯನ್ನು ಎರಡು ಬೆರಳಲ್ಲೇ ತಿರುಗಿಸಿದೆ. ತಿರುಪಿನ ತಲೆಯಿಂದ ಲೋಹದ ಮೇಲೆ ಬರುವ ಹಾಗೆ ನೇಲ್ ಪಾಲಿಶಿನ ಒಂದು ಗೆರೆ ಎಳೆದೆವು. ಗೆರೆ ಮುರಿದರೆ ತಿರುಪು ಅಲ್ಲಾಡಿದೆ ಅಂತ ಅರ್ಥ. ಪಾಲಿಶು ಅವಳದೇ, ಕೆಂಪು.

ಆಮೇಲೆ ಜೀರೋ, ಅಂದರೆ ಸರಿಯಾಗಿ ಗುರಿ ಹಿಡಿದರೆ ಪೆಲೆಟ್ ಹತ್ತಕ್ಕೇ ಬೀಳುವ ಹಾಗೆ ಸೈಟ್ ಕೂರಿಸುವುದು. ಹಳೆಯ ಕ್ಲಿಕ್ಕುಗಳನ್ನೆಲ್ಲ ಮರೆತು, ಬ್ಲೇಡನ್ನು ಕಣ್ಣಳತೆಯಲ್ಲಿ ನಡುವಿಗೆ ತಂದೆವು. ಒಂದು ಕ್ಲಿಕ್ಕಿಗೆ ಎಷ್ಟು ಸರಿಯುತ್ತದೆ ಅನ್ನುವುದನ್ನು ಪುಸ್ತಕ ನೋಡಿ ನಂಬಲಿಲ್ಲ. ಚೀಲದ ಮೇಲಿಂದ ಐದು ಹೊಡೆತ, ಬಲಕ್ಕೆ ಹತ್ತು ಕ್ಲಿಕ್, ಮತ್ತೆ ಐದು. ಎರಡು ಗ್ರೂಪಿನ ನಡುಮಧ್ಯಗಳ ಅಂತರ 21 ಮಿ.ಮೀ. ಅಂದರೆ ಕ್ಲಿಕ್ಕಿಗೆ 2 ಚಿಲ್ಲರೆ. ಎತ್ತರಕ್ಕೂ ಬೇರೆಯಾಗಿ ಹೀಗೇ ಅಳೆದೆವು, ಯಾಕಂದರೆ ಎರಡೂ ತಿರುಪಿನ ಎಳೆ ಒಂದೇ ಇರಬೇಕೆಂದಿಲ್ಲ.

ಅಂತಿಮ ಜೀರೋ ಮಾತ್ರ ಚೀಲದ ಮೇಲೆ ಮಾಡಬಾರದು. ಚೀಲ ಪಿಸ್ತೂಲಿನ ಪರೀಕ್ಷೆಗೆ. ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ನಿಂತು ಹೊಡೆಯುವುದಲ್ವಾ? ನಿಂತು, ಕಾರ್ಡಿನ ಕಪ್ಪು ವೃತ್ತದ ಕೆಳಗೆ ಬಿಳಿಯ ಒಂದು ಪಟ್ಟಿ ಬಿಟ್ಟು, ಅವಳು ಯಾವಾಗಲೂ ಹಿಡಿಯುವ ಜಾಗದಲ್ಲೇ ಗುರಿ ಹಿಡಿದು ಐದೈದು ಹೊಡೆದಳು. ತಪ್ಪಿತು ಅಂತ ಅವಳೇ ಹೇಳಿದ ಹೊಡೆತವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ಗ್ರೂಪು ನೋಡಿ, ಎಡಕ್ಕೆ ನಾಲ್ಕು, ಮೇಲಕ್ಕೆ ಎರಡು. ಆಮೇಲೆ ಹತ್ತು ಹೊಡೆತ, ಕ್ಲಿಕ್ ಮುಟ್ಟದೆ. ಕೂಡಿದರೆ 94. ಅವಳು ಹಗ್ಗ ಎಳೆದು ಕಾರ್ಡು ಕೈಗೆ ತೆಗೆದುಕೊಂಡು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಏನು ಉಳಿಯಿತು, ಏನು ಹೋಯಿತು

ಸ್ಪರ್ಧೆಯ ರೇಂಜಿನಲ್ಲಿ ಬೆಳಕು ನಮ್ಮದಕ್ಕಿಂತ ಪ್ರಖರ. ಶುರುವಿಗೆ ಸಿಗುವ 15 ನಿಮಿಷದ ಸೈಟರ್ ಸಮಯದಲ್ಲಿ ಗ್ರೂಪು ಸುಮಾರು 4 ಮಿ.ಮೀ. ಮೇಲೆ ಬಿತ್ತು, ಆದರೆ ಬಿಗಿಯಾಗಿತ್ತು. ಐದು ಹೊಡೆತ ನೋಡಿ ಎರಡು ಕ್ಲಿಕ್ ಇಳಿಸಿದಳಂತೆ, ಮತ್ತೆ ಮುಟ್ಟಲಿಲ್ಲ. 551 ಬಂತು. ಪದಕ ಇಲ್ಲ, ಫೈನಲ್ ಇಲ್ಲ.

551 ಯಾಕೆ, 558 ಯಾಕಲ್ಲ? ಅದಕ್ಕೂ ಕಾರಣ ನಾನೇ. ಟ್ರಿಗರ್ ನಿಧಾನ, ಇನ್ನೂ ನಿಧಾನ ಅಂತ ಒಂದು ವಾರ ಹಾಕಿಸಿದ ಡ್ರೈ ಫೈರ್ ಅವಳ ಬೆರಳಿಗೆ ಅಂಟಿಕೊಂಡಿತ್ತು. ಮೊದಲು ಗುರಿ ಕೂತ ಮೇಲೆ ನಾಲ್ಕೈದು ಸೆಕೆಂಡಿನಲ್ಲಿ ಹೊಡೆತ ಹೋಗುತ್ತಿತ್ತು. ಈಗ ಎಂಟು, ಒಂಬತ್ತು ಸೆಕೆಂಡು. ಅಷ್ಟು ಹೊತ್ತು ಹಿಡಿದರೆ ಕಣ್ಣು ಮಸುಕಾಗುತ್ತದೆ, ಕೈ ಸೋಲುತ್ತದೆ. ಇಲ್ಲದ ಕಾಯಿಲೆಗೆ ಮದ್ದು ಕೊಟ್ಟು ಹೊಸ ಕಾಯಿಲೆ ತಂದಿಟ್ಟಿದ್ದೆ. ಅದನ್ನು ಬಿಡಿಸಲು ಒಂದು ತಿಂಗಳ ಮೇಲೆ ಹಿಡಿಯಿತು. ಸಡಿಲ ತಿರುಪಿಗೆ ಬೇಕಾದದ್ದು ಒಂದು ನಿಮಿಷ, ನೋಡಿ.

ಪೆಲೆಟ್ ಹಾಕುವ ರೀತಿ ಬದಲಿಸೋಣವಾ ಅಂತ ಚರ್ಚೆಯಾಯಿತು. ಬೇಡ ಅಂದೆ. ಬಿಗಿ ಸೈಟಿನ ಜೊತೆ ಅದು ಎರಡು ವರ್ಷ ಸರಿಯಾಗಿ ನಡೆದಿದೆ, ಒಂದೇ ಸಲ ಎರಡು ಬದಲಿ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಸ್ಪರ್ಧೆ ಮುಗಿದ ಮೇಲೆ ಹೆಬ್ಬೆರಳನ್ನು ಮಾತ್ರ ಮುಂದಕ್ಕೆ ಸರಿಸಿದಳು. ಬ್ಲೇಡ್ ಹಾಕಿಕೊಟ್ಟ ಆ ಅಕ್ಕನ ಮೇಲೆ ತಂಗಿಗೆ ಸಿಟ್ಟಿಲ್ಲ. ಅಗಲದ ಬ್ಲೇಡು ನಿಜವಾಗಲೂ ಅವಳ ಕಣ್ಣಿಗೆ ಹೊಂದಿದೆ, ಈಗಲೂ ಅದೇ ಇದೆ.

ರೇಂಜಿನಲ್ಲಿ ಈಗ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇವೆ. ಪ್ರತಿ ದಿನ ಹೊಡೆಯುವ ಮುಂಚೆ ಎಲ್ಲರೂ ಒಂದು ಸಾಲು ಬರೆಯಬೇಕು: ನಿನ್ನೆಯಿಂದ ಏನು ಬದಲಾಗಿದೆ. ಪೆಲೆಟ್ ಡಬ್ಬಿ, ಕನ್ನಡಕ, ಗ್ರಿಪ್, ಏನಾದರೂ ಸರಿ. ಹುಡುಗರು 'ಏನೂ ಇಲ್ಲ' ಅಂತ ಗೀಚಿ ಹೋಗುತ್ತಾರೆ. ತಂಗಿ ಮಾತ್ರ ಬಿಡುವುದಿಲ್ಲ. ಮೊನ್ನೆ ನೋಡಿದೆ, ಅವಳ ಸಾಲಿನಲ್ಲಿ 'ಎಡ ಶೂ ಲೇಸ್ ಹೊಸದು' ಅಂತ ಇತ್ತು. ಅದರ ಕೆಳಗೆ, ಇನ್ನೂ ಚಿಕ್ಕ ಅಕ್ಷರದಲ್ಲಿ, 'ಸರ್ ಇವತ್ತು ನನ್ನ ಪಿಸ್ತೂಲ ಮುಟ್ಟಿದಾರೆ, ಗೆರಿ ನೋಡಬೇಕು.'